ಎಚ್‌ಎಸ್‌ಆರ್ ಲೇಔಟ್‌ಗೆ ಇತಿಹಾಸ ಇಲ್ವಾ? ಅಗರ ಕೆರೆಯ ಏರಿ ಹತ್ತಿ ನೋಡಿ

ಪ್ರಶ್ನೆ: ಎಚ್‌ಎಸ್‌ಆರ್ ಲೇಔಟ್‌ನಲ್ಲಿ, ಅಗರ ಕೆರೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ನಾವು ಮನೆ ತಗೊಂಡು ಒಂಬತ್ತು ವರ್ಷ ಆಯ್ತು. ಮಗಳಿಗೆ ಶಾಲೆಯಲ್ಲಿ ‘ನಮ್ಮ ಬಡಾವಣೆಯ ಇತಿಹಾಸ’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಎಲ್ಲಿ ಹುಡುಕಿದರೂ 1980ರ ದಶಕದಲ್ಲಿ ಬಿಡಿಎ ಮಾಡಿದ ಲೇಔಟ್ ಅಂತಷ್ಟೇ ಸಿಗುತ್ತದೆ. ಅದಕ್ಕೂ ಮುಂಚೆ ಇಲ್ಲಿ ಏನೂ ಇರಲಿಲ್ವಾ? ಇನ್ನೊಂದು ಪ್ರಶ್ನೆ. ಜೋರು ಮಳೆ ಬಂದರೆ ನಮ್ಮ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ‘ನಮ್ಮ ಮನೆಗಳೆಲ್ಲ ಕೆರೆಯೊಳಗೇ ಇವೆ’ ಅಂತ ಪಕ್ಕದ ಮನೆಯವರು ಹೇಳ್ತಾರೆ. ನಿಜಾನಾ?

ಉತ್ತರ: ಎರಡನೇ ಪ್ರಶ್ನೆಗೆ ಆಮೇಲೆ ಬರುತ್ತೇನೆ. ನೀವು ಎರಡು ಬೇರೆ ಪ್ರಶ್ನೆ ಅಂದುಕೊಂಡಿದ್ದೀರಿ. ನನ್ನ ಪ್ರಕಾರ ಎರಡೂ ಒಂದೇ.

ಮೊದಲು ಮಗಳ ಪ್ರಾಜೆಕ್ಟ್. ಅವಳು 1985ರಿಂದ ಶುರು ಮಾಡಬೇಕಾಗಿಲ್ಲ, 870ರಿಂದ ಮಾಡಬಹುದು. ಒಂದು ಸಾವಿರ ಎಲ್ಲೂ ಬಿಟ್ಟುಹೋಗಿಲ್ಲ, ಕ್ರಿಸ್ತಶಕ 870ರ ಸುಮಾರೇ. ಅಗರದ ಒಂದು ಕನ್ನಡ ಶಾಸನ ಆ ಕಾಲದ್ದು. ಆಗ ಆಳುತ್ತಿದ್ದವರು ಗಂಗರು. ಇರುವುಲಿಯೂರಿನ ಒಡೆಯರ ಮನೆಯವನೊಬ್ಬ ಎರಡು ಕೆರೆಗಳಿಗೆ ತೂಬು ಇಡಿಸಿದ, ಇನ್ನೊಂದು ಕೆರೆ ಕಟ್ಟಿಸಿದ, ಅದಕ್ಕೆ ಪ್ರತಿಯಾಗಿ ಬಿತ್ತುವಟ್ಟ ಪಡೆದ. ಶಾಸನದ ತಿರುಳು ಇಷ್ಟೇ. ಬೆಂಗಳೂರಿನ ಯಾವ ಕೆರೆ ತೋರಿಸಿದರೂ ‘ಕೆಂಪೇಗೌಡ್ರು ಕಟ್ಟಿಸಿದ್ದು’ ಅನ್ನುವುದು ನಮಗೆಲ್ಲ ಅಭ್ಯಾಸ. ಕೆಂಪೇಗೌಡರು ಕೋಟೆ ಕಟ್ಟಿದ್ದು 1537ರಲ್ಲಿ. ಅಗರದಲ್ಲಿ ಅದಕ್ಕೂ ಆರೂವರೆ ಶತಮಾನ ಮೊದಲೇ ಕೆರೆ ಕೆಲಸ ನಡೆದಿತ್ತು. ಹಾಗಂತ ನೀವು ವಾಕಿಂಗ್ ಹೋಗುವ ಏರಿಯ ಪ್ರತಿ ಕಲ್ಲೂ ಗಂಗರ ಕಾಲದ್ದು ಅಂದುಕೊಳ್ಳಬೇಡಿ. ಏರಿ ಒಡೆಯುತ್ತದೆ, ಮತ್ತೆ ಕಟ್ಟುತ್ತಾರೆ. ಈಚೆಗೆ ಜೆಸಿಬಿಯೂ ಬಂದು ಹೋಗಿದೆ. ಹಳೆಯದು ಅಂದರೆ ಆ ಜಾಗದಲ್ಲಿ ನೀರು ಕಟ್ಟಿ ನಿಲ್ಲಿಸುವ ಕೆಲಸ.

ಆ ಶಾಸನದಲ್ಲಿ ನನಗೆ ತುಂಬಾ ಇಷ್ಟವಾಗುವುದು ತೂಬಿನ ಮಾತು. ಕೆರೆ ಕಟ್ಟಿಸಿದೆ ಅಂತ ಹೇಳಿಕೊಂಡರೆ ಸಾಕಿತ್ತಲ್ಲ, ತೂಬು ಇಡಿಸಿದ್ದನ್ನು ಕಲ್ಲಿನಲ್ಲಿ ಕೊರೆಸುವಂಥದ್ದೇನು? ಇದೆ. ತೂಬಿಲ್ಲದ ಕೆರೆ ಎಮ್ಮೆ ತೊಳೆಯೋಕೆ ಸಾಕು, ಗದ್ದೆಗೆ ಆಗಲ್ಲ. ತೂಬು ಅಂದರೆ ಏರಿಯ ಅಡಿಯಲ್ಲಿ ಕಲ್ಲಿನಿಂದ ಕಟ್ಟಿದ ಕಿಂಡಿ. ಒಳಗಡೆ, ನೀರಿನ ನಡುವೆ ಎರಡು ಕಲ್ಲುಕಂಬ ನಿಲ್ಲಿಸಿ ಅಡ್ಡಪಟ್ಟಿ ಹಾಕಿರುತ್ತಾರೆ. ಅದರಲ್ಲಿ ಒಂದು ಕೋಲು, ಕೋಲಿನ ತುದಿಯಲ್ಲಿ ಬಿರಡೆ. ಕೋಲು ಎತ್ತಿದರೆ ನೀರು ಹೊರಗೆ ಹೋಗುತ್ತದೆ, ಇಳಿಸಿದರೆ ನಿಲ್ಲುತ್ತದೆ. ಇದನ್ನು ನೋಡಿಕೊಳ್ಳುವವನು ನೀರುಗಂಟಿ. ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಅಂತ ತೀರ್ಮಾನ ಮಾಡುವವನೂ ಅವನೇ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಅಗರದ ಹಳ್ಳಿಯೊಳಗೆ ಹೋಗಿದ್ದಾಗ ದೇವಸ್ಥಾನದ ಕಟ್ಟೆ ಮೇಲೆ ಒಬ್ಬ ಅಜ್ಜ ಸಿಕ್ಕಿದ್ದರು. ಅವರ ಮನೆತನದಲ್ಲಿ ನೀರುಗಂಟಿ ಕೆಲಸ ಮಾಡಿದವರಿದ್ದರಂತೆ. ‘ಬಿರಡೆ ಸಿಕ್ಕಿಹಾಕ್ಕೊಂಡ್ರೆ ಮುಳುಗು ಹಾಕಿ ಬಿಡಿಸ್ಬೇಕಿತ್ತು. ಕೆಳಗೆ ನೀರು ಎಳೆಯೋ ಜೋರಿಗೆ ಕೈ ಸಿಕ್ಕಿದ್ರೆ ಹೋಯ್ತು’ ಅಂತ ಹೇಳುತ್ತಾ ಬಲಗೈ ಮುಷ್ಟಿ ಹಿಡಿದು ತಿರುಗಿಸಿ ತೋರಿಸಿದ್ದರು. ಅಷ್ಟರಲ್ಲಿ ಪಕ್ಕದ ಪಿಜಿಯಿಂದ ಬಂದ ಹುಡುಗನೊಬ್ಬ ಅವರ ಹತ್ತಿರವೇ ಬಸ್ ಸ್ಟಾಪ್ ಎಲ್ಲಿ ಅಂತ ಇಂಗ್ಲಿಷ್‌ನಲ್ಲಿ ಕೇಳಿದ. ಅಜ್ಜ ಅದೇ ಕೈಯಲ್ಲಿ ದಾರಿ ತೋರಿಸಿದರು.

ಬಿತ್ತುವಟ್ಟ ಅಂದರೇನು ಅಂತ ಮಗಳು ಕೇಳಬಹುದು. ಕೆರೆ ಕಟ್ಟಿಸಿದವನಿಗೆ, ದುರಸ್ತಿ ಮಾಡಿಸುವವನಿಗೆ ಆ ಕೆರೆಯ ನೀರಾವರಿಯಲ್ಲೇ ಬಿಟ್ಟುಕೊಡುತ್ತಿದ್ದ ಭೂಮಿ. ಬೇರೆ ಊರಿನಲ್ಲಿ ಎಲ್ಲೋ ಹೊಲ ಕೊಟ್ಟು ಕೈ ತೊಳೆದುಕೊಳ್ಳುತ್ತಿರಲಿಲ್ಲ. ಕೆರೆ ಒಡೆದರೆ ಮೊದಲು ಅವನ ಗದ್ದೆಯೇ ಒಣಗುತ್ತದೆ. ಜಾಣತನ ಅಲ್ವಾ? ಇವತ್ತು ಕೆರೆ ಅಭಿವೃದ್ಧಿಯ ಗುತ್ತಿಗೆ ಕೊಡುವವರು ಇದನ್ನೊಮ್ಮೆ ಓದಬೇಕು.

ನಿಮ್ಮ ಸುತ್ತಮುತ್ತಲೂ ಇಂಥ ಸಾಕ್ಷಿ ಬೇಕಾದಷ್ಟಿವೆ. ಸಿಲ್ಕ್ ಬೋರ್ಡ್ ದಾಟಿದರೆ ಮಡಿವಾಳ. ಅಲ್ಲಿನ ಸೋಮೇಶ್ವರ ದೇವಸ್ಥಾನದ ಗೋಡೆಗಳ ಮೇಲೆ ತಮಿಳು ಶಾಸನಗಳಿವೆ. 1247ರ ಒಂದು ಶಾಸನ ‘ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ’ ಭೂಮಿ ದಾನ ಕೊಟ್ಟದ್ದನ್ನು ಹೇಳುತ್ತದೆ. ಕೊಟ್ಟವನು ವೆಪ್ಪೂರಿನವನು, ಅಂದರೆ ನಮ್ಮ ಬೇಗೂರು. ಇನ್ನೊಂದರಲ್ಲಿ ತಾಮರೈಕ್ಕಿರೈ ಅಂತಿದೆ. ಅದು ತಾವರೆಕೆರೆ, ಬಿಟಿಎಂ ಲೇಔಟ್ ಹೆಸರಿನ ನಡುವೆ ‘ಟಿ’ ಆಗಿ ಕೂತಿರುವುದು ಅದೇ. ಭೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಬಿಟಿಎಂ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋದರೆ ‘ಬೆಂಗಳೂರ ಕಾಳೆಗ’ದಲ್ಲಿ ಸತ್ತವನ ನೆನಪಿನ ಶಾಸನ ಇದೆ, ಸುಮಾರು 890ರದ್ದು. ಬೆಂದ ಕಾಳಿನ ಕಥೆ ಹೇಳುವವರಿಗೆ ಅದನ್ನು ತೋರಿಸಿ ಸುಮ್ನೆ ನಕ್ಕುಬಿಡಿ.

ಹೆಸರುಗಳ ವಿಷಯಕ್ಕೆ ಬಂದೆ, ಅದನ್ನೂ ಮುಗಿಸಿಬಿಡುತ್ತೇನೆ. ಎಚ್‌ಎಸ್‌ಆರ್ ಅಂದರೆ ಯಾರೋ ದೊಡ್ಡ ಮನುಷ್ಯರ ಇನಿಷಿಯಲ್ ಅಂತ ನನ್ನ ಹತ್ತಿರವೇ ವಾದ ಮಾಡಿದವರಿದ್ದಾರೆ. ಅದು ಹೊಸೂರು–ಸರ್ಜಾಪುರ ರಸ್ತೆ. ಎರಡು ರಸ್ತೆಗಳ ನಡುವೆ ಇದೆ, ಅದಕ್ಕೇ ಆ ಹೆಸರು. ಕಚೇರಿಯಲ್ಲಿ ಕೂತು ಇಟ್ಟ ಹೆಸರು ಹೇಗಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಊರಿನವರು ಇಟ್ಟ ಹೆಸರುಗಳು ಬೇರೆ ಥರ. ಅಗರ ಅಂದರೆ ಅಗ್ರಹಾರ ಸವೆದು ಉಳಿದದ್ದು. ಜಕ್ಕಸಂದ್ರದ ‘ಸಂದ್ರ’ ಸಮುದ್ರ ಅನ್ನುವ ಮಾತು. ನಮ್ಮ ಕಡೆ ದೊಡ್ಡ ಕೆರೆಗೆ ಸಮುದ್ರ ಅಂತಲೇ ಹೆಸರಿಡುತ್ತಿದ್ದರು. ಹರಳುಕುಂಟೆಯ ‘ಕುಂಟೆ’ ಅಂದರೆ ಚಿಕ್ಕ ಹೊಂಡ. ಬೆಂಗಳೂರಿನಲ್ಲಿ ಸಂದ್ರ, ಕುಂಟೆ, ಕೆರೆ ಅಂತ ಕೊನೆಯಾಗುವ ಊರುಗಳ ಪಟ್ಟಿ ಮಾಡಿ ನೋಡಿ. ನದಿ ಇಲ್ಲದ ಊರು ನೀರಿಗೆ ಎಷ್ಟು ಒದ್ದಾಡಿದೆ ಅಂತ ಗೊತ್ತಾಗುತ್ತದೆ.

ಬೆಂಗಳೂರು ನಿಂತಿರುವುದು ಒಂದು ದಿಣ್ಣೆಯ ಮೇಲೆ. ಎತ್ತರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಬಿದ್ದ ಮಳೆ ಇಲ್ಲಿ ನಿಲ್ಲುವುದಿಲ್ಲ, ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತದೆ: ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ. ನಿಮ್ಮದು ಮೂರನೆಯದು. ಹಳಬರು ಈ ಇಳಿಜಾರಿನ ಉದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಕೆರೆ ಕಟ್ಟಿದರು. ಮಡಿವಾಳ ಕೆರೆ ತುಂಬಿ ಕೋಡಿ ಹರಿದರೆ ಅಗರಕ್ಕೆ ನೀರು. ಅಗರದ ಕೋಡಿ ಬೆಳ್ಳಂದೂರಿಗೆ. ಬೆಳ್ಳಂದೂರಿನದು ವರ್ತೂರಿಗೆ. ಅಲ್ಲಿಂದ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡು. ಅಗರ ಕೆರೆ ಹೆಚ್ಚುಕಮ್ಮಿ 100 ಎಕರೆ, ಬೆಳ್ಳಂದೂರು ಸುಮಾರು 900 ಎಕರೆ. ಒಂದು ಕೆರೆಯ ಮಿಕ್ಕಿದ ನೀರು ಇನ್ನೊಂದರ ಬಂಡವಾಳ ಅನ್ನುವ ಲೆಕ್ಕಾಚಾರ ಅದು. ಕೋಡಿಯಿಂದ ಮುಂದಿನ ಕೆರೆಗೆ ನೀರು ಹೋಗುವ ದಾರಿಯೇ ರಾಜಕಾಲುವೆ. ಈಗ ಆ ಹೆಸರು ಕೇಳಿದರೆ ಮೂಗು ಮುಚ್ಚಿಕೊಳ್ಳುವ ಹಾಗಾಗಿದೆ, ಬಿಡಿ.

ಏರಿಯ ಕೆಳಗೆ ಅಚ್ಚುಕಟ್ಟು, ಅಲ್ಲಿ ಭತ್ತ. ಮೇಲಿನ ಒಣ ಹೊಲಗಳಲ್ಲಿ ರಾಗಿ, ಅವರೆ. ಅಲ್ಲಲ್ಲಿ ಗುಂಡುತೋಪು, ದನ ಮೇಯಲು ಗೋಮಾಳ. ನಿಮ್ಮ ಬಡಾವಣೆ ಬರುವವರೆಗೂ ಈ ಕಡೆಯ ಚಿತ್ರ ಇಷ್ಟೇ. ಬೆಂಗಳೂರು ಪೇಟೆಗೆ ಇಲ್ಲಿಂದ ಸೊಪ್ಪು, ತರಕಾರಿ ಹೋಗುತ್ತಿತ್ತು.

ಬದಲಾವಣೆ ಶುರುವಾಗಿದ್ದು ಲೇಔಟ್‌ನಿಂದ ಅಂತ ಎಲ್ಲರೂ ಹೇಳುತ್ತಾರೆ. ನಾನು ನಲ್ಲಿಯಿಂದ ಅಂತ ಹೇಳುತ್ತೇನೆ. 1894ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ. 1974ರಲ್ಲಿ ಕಾವೇರಿ. ನಲ್ಲಿ ತಿರುಗಿಸಿದರೆ ನೀರು ಬರುವಾಗ ಕೆರೆಯ ಹೂಳು ತೆಗೆಯೋಕೆ ಯಾರು ಬರುತ್ತಾರೆ? ಪೇಟೆಯವರ ಕಣ್ಣಿಗೆ ಕೆರೆ ಮೊದಲು ಸೊಳ್ಳೆ ಗೂಡಾಯಿತು, ಆಮೇಲೆ ಖಾಲಿ ಸೈಟ್ ಆಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್ ಆಡುತ್ತಾರೆ. ನಿಮ್ಮ ಪಕ್ಕದ ಕೋರಮಂಗಲದಲ್ಲಿ ಕೆರೆ ಇದ್ದ ಜಾಗಕ್ಕೆ ನ್ಯಾಷನಲ್ ಗೇಮ್ಸ್ ವಿಲೇಜ್ ಬಂತು, 1997ರ ಕ್ರೀಡಾಕೂಟಕ್ಕೆ. 1980ರ ದಶಕದ ನಡುವೆ ಸರ್ಕಾರವೇ ಲಕ್ಷ್ಮಣ ರಾವ್ ಸಮಿತಿ ಮಾಡಿತ್ತು. ಇನ್ನು ಕೆರೆ ಒಡೆಯಬೇಡಿ, ಉಳಿಸಿ ಅಂತ ಅದು ಹೇಳಿತು. ಹೇಳಿದ್ದನ್ನು ಸರ್ಕಾರ ಒಪ್ಪಿಕೊಂಡಿತು ಕೂಡ.

ಎಚ್‌ಎಸ್‌ಆರ್ ಹುಟ್ಟಿದ್ದು ಅದೇ ದಶಕದಲ್ಲಿ. 1976ರ ಕಾಯ್ದೆಯಿಂದ ಬಂದ ಬಿಡಿಎ ಅಗರ, ಜಕ್ಕಸಂದ್ರ, ಹರಳುಕುಂಟೆ ಮುಂತಾದ ಹಳ್ಳಿಗಳ ಜಮೀನು ತಗೊಂಡು ಏಳು ಸೆಕ್ಟರ್ ಮಾಡಿತು. ಬಹಳ ವರ್ಷ ಇಲ್ಲಿ ಸೈಟ್ ಸಿಕ್ಕವರು ‘ಅಷ್ಟು ದೂರಾನಾ?’ ಅಂತ ಮುಖ ಸಿಂಡರಿಸುತ್ತಿದ್ದರು. ಎಲೆಕ್ಟ್ರಾನಿಕ್ ಸಿಟಿ ಬೆಳೆಯಿತು, 2002ರ ಹೊತ್ತಿಗೆ ಔಟರ್ ರಿಂಗ್ ರೋಡ್ ಪೂರ್ತಿ ಆಯಿತು, ಸಿಂಡರಿಸಿದ ಮುಖಗಳೆಲ್ಲ ಅರಳಿದವು. ಮುಂದಿನದು ನಿಮಗೇ ಗೊತ್ತು. ಸ್ಟಾರ್ಟಪ್, ಕಾಫಿ ಅಂಗಡಿ, 27ನೇ ಮೇನ್. ನಾನು ಹೇಳಬೇಕಾದ್ದಿಲ್ಲ.

ಆದರೆ ಒಂದು ವಿಷಯ ಮಗಳಿಗೆ ತೋರಿಸಿ. ಮೊಬೈಲ್‌ನಲ್ಲಿ ನಿಮ್ಮ ಬಡಾವಣೆಯ ನಕ್ಷೆ ತೆಗೆಯಿರಿ. ಮೇನ್, ಕ್ರಾಸ್ ಎಲ್ಲ ಅಡಿಕೋಲು ಇಟ್ಟು ಗೀರಿದ ಹಾಗೆ ನೇರ. ನೋಡುತ್ತಾ ಹೋಗಿ, ಅಲ್ಲಲ್ಲಿ ಗೆರೆಗಳು ಇದ್ದಕ್ಕಿದ್ದ ಹಾಗೆ ಗೋಜಲಾಗುತ್ತವೆ. ರಸ್ತೆ ಸೊಟ್ಟ, ಸಂದಿ ಕಿರಿದು, ಎದುರು ಆಟೋ ಬಂದರೆ ಸ್ಕೂಟರ್ ಹಿಂದಕ್ಕೆ ತಗೋಬೇಕು. ಅದೇ ಹಳ್ಳಿ. ಅಗರ, ಜಕ್ಕಸಂದ್ರ, ಪರಂಗಿಪಾಳ್ಯ, ಸೋಮಸುಂದರಪಾಳ್ಯ. ಜನ ವಾಸವಿದ್ದ ಗ್ರಾಮಠಾಣವನ್ನು ಬಿಟ್ಟು ಸುತ್ತಲಿನ ಹೊಲಗಳನ್ನು ಮಾತ್ರ ತಗೊಂಡಿದ್ದಕ್ಕೆ ಹೀಗಾಗಿದೆ. ಸೊಟ್ಟ ರಸ್ತೆಗೆ ಬೈಯುವ ಮುಂಚೆ ನೆನಪಿರಲಿ, ಆ ರಸ್ತೆ ಅಲ್ಲಿ ಮೊದಲೇ ಇತ್ತು. ನಿಮ್ಮ ನೇರ ರಸ್ತೆಯೇ ಆಮೇಲೆ ಬಂದು ಅದಕ್ಕೆ ಡಿಕ್ಕಿ ಹೊಡೆದದ್ದು. ಹೊಲ ಕಳೆದುಕೊಂಡವರಿಗೆ ಸಿಕ್ಕ ಪರಿಹಾರ ಎಷ್ಟು, ಅದೇ ನೆಲದ ಇವತ್ತಿನ ಬೆಲೆ ಎಷ್ಟು ಅನ್ನುವ ಮಾತು ಹಳ್ಳಿಯೊಳಗೆ ಈಗಲೂ ಬರುತ್ತದೆ. ಅವರ ಮಕ್ಕಳು ಮನೆ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಟ್ಟಿದ್ದಾರೆ. ಅದೇ ಅವರ ಈಗಿನ ಬೆಳೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನಿಮ್ಮ ಮನೆ ಕೆರೆಯೊಳಗಿದೆಯಾ? ಸಾಮಾನ್ಯವಾಗಿ ಹೇಳುವುದಾದರೆ, ಇಲ್ಲ. ಅಗರ ಕೆರೆ ಇದ್ದಲ್ಲೇ ಇದೆ. ಆದರೆ ನಿಮ್ಮ ಬಡಾವಣೆ ಕೆರೆಗೆ ಹೋಗುವ ನೀರಿನ ದಾರಿಯಲ್ಲಿದೆ. ಇಲ್ಲಿನ ಬಹುಪಾಲು ನೆಲ ಅಗರ, ಬೆಳ್ಳಂದೂರು ಕೆರೆಗಳ ಕಡೆಗೇ ಇಳಿಯುತ್ತದೆ. ಹಿಂದೆ ಮಳೆ ಬಂದರೆ ಸ್ವಲ್ಪ ನೀರು ಹೊಲದಲ್ಲೇ ಇಂಗುತ್ತಿತ್ತು, ಸ್ವಲ್ಪ ಬದುಗಳ ಹಿಂದೆ ನಿಲ್ಲುತ್ತಿತ್ತು, ಸ್ವಲ್ಪ ಕುಂಟೆಗೆ ಹೋಗುತ್ತಿತ್ತು. ಉಳಿದದ್ದು ನಿಧಾನಕ್ಕೆ ಹಳ್ಳ ಹಿಡಿದು ಕೆರೆ ಸೇರುತ್ತಿತ್ತು. ಗಂಟೆಗಟ್ಟಲೆ ಹಿಡಿಯುತ್ತಿದ್ದ ಆ ಪ್ರಯಾಣ ಈಗ ಕಾಂಕ್ರೀಟಿನ ಮೇಲೆ ಜಾರಿ ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟು ನೀರು ಒಟ್ಟಿಗೇ ಬಂದು ಚರಂಡಿ ಬಾಯಿಗೆ ನುಗ್ಗಿದರೆ ಅದು ಹಿಡಿಯುವುದಿಲ್ಲ. ಇನ್ನು ಚರಂಡಿಯೊಳಗೆ ಮೊದಲೇ ಕಟ್ಟಡದ ಮಣ್ಣು, ಪ್ಲಾಸ್ಟಿಕ್, ಯಾರದೋ ಹಳೇ ಹಾಸಿಗೆ.

ಇದರ ಜೊತೆಗೆ ಇನ್ನೊಂದು ಕಾರಣ ಇದೆ. ಯಾರೂ ಇದನ್ನು ಗಮನಿಸುವುದಿಲ್ಲ. ನಿಮ್ಮ ಗೇಟಿನ ಹತ್ತಿರ ನಿಂತು ನೋಡಿ. ಮನೆ ಕಟ್ಟಿದಾಗ ರಸ್ತೆಯಿಂದ ಕಾಂಪೌಂಡಿಗೆ ಮೂರು ಮೆಟ್ಟಿಲು ಹತ್ತುವ ಹಾಗಿದ್ದ ಹಳೇ ಮನೆಗಳಿಗೆ ಈಗ ಒಂದೇ ಮೆಟ್ಟಿಲು ಉಳಿದಿರುತ್ತದೆ. ಕೆಲವು ಕಡೆ ಕೆಳಗೇ ಇಳಿಯಬೇಕು. ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಹೊಸದು ಹಾಕುತ್ತಾ ಹೋದರೆ ರಸ್ತೆ ಎತ್ತರವಾಗುತ್ತದೆ, ಮನೆ ತಗ್ಗಾಗುತ್ತದೆ. ಇದಕ್ಕೂ ಗಂಗರಿಗೂ ಸಂಬಂಧ ಇಲ್ಲ.

ನಿಜವಾಗಿ ಕೆರೆಯ ಹೊಟ್ಟೆಗೆ ಕೈ ಹಾಕಿದ ಜಗಳ ಬೇರೆ ಕಡೆ ನಡೆಯಿತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜೌಗು ನೆಲದಲ್ಲಿ ದೊಡ್ಡ ಕಟ್ಟಡಗಳು ಏಳಲು ಹೊರಟಾಗ ಪ್ರಕರಣ ಹಸಿರು ನ್ಯಾಯಮಂಡಳಿಗೆ ಹೋಯಿತು. 2016ರ ಮೇ ತಿಂಗಳಲ್ಲಿ ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಬಿಡಬೇಕು ಅಂತ ಆದೇಶಿಸಿತು. ರಾಜಕಾಲುವೆಗಳಿಗೂ ಅಂತರ ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ 75 ಮೀಟರ್ ನಿಯಮವನ್ನು ರದ್ದು ಮಾಡಿತು. ನಗರ ಯೋಜನೆಯಲ್ಲಿದ್ದ 30 ಮೀಟರ್ ಹಾಗೇ ಉಳಿಯಿತು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು, ಯೋಜನೆ ಬದಲಿಸುವ ಅಧಿಕಾರ ಯಾರದು ಅನ್ನುವ ಪ್ರಶ್ನೆ ಅದು. ನೀರಿನ ದೃಷ್ಟಿಯಿಂದ ಕೇಳಿದರೆ ನಾನು 75ರ ಪಕ್ಷ.

ಇದೇ ಸರಣಿಯ ಕೆಳಗಿನ ಕೆರೆ ದೇಶದಲ್ಲೆಲ್ಲ ಸುದ್ದಿಯಾದದ್ದು ನೊರೆಯಿಂದ, ಬೆಂಕಿಯಿಂದ. ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಹತ್ತಿ ಉರಿಯಿತು, 2018ರ ಜನವರಿಯಲ್ಲಿ ಮತ್ತೆ ಉರಿಯಿತು. ನಗರದ ಕೊಳಚೆಯಲ್ಲಿ ಸೋಪಿನ ಪುಡಿಯ ಅಂಶ ತುಂಬಿರುತ್ತದೆ. ಆ ನೀರು ಕೋಡಿಯಲ್ಲಿ ಧುಮುಕಿದಾಗ ಕಡೆದ ಮಜ್ಜಿಗೆಯ ಹಾಗೆ ನೊರೆ ಏಳುತ್ತದೆ. ಒಣಗಿದ ಕಳೆ, ಕಸ, ಕೊಳೆತು ಏಳುವ ಮೀಥೇನ್ ಒಂದು ಕಡೆ ಸೇರಿದರೆ ಒಂದು ಕಿಡಿ ಸಾಕು. ಅಗರ ಕೆರೆ ಆ ಮಟ್ಟಕ್ಕೆ ಹೋಗಲಿಲ್ಲ. ಕೊಳಚೆಯನ್ನು ಬೇರೆ ಕಡೆ ತಿರುಗಿಸಿ, ಹೂಳು ತೆಗೆದು, ನಡೆಯುವ ದಾರಿ ಮಾಡಿದ ಮೇಲೆ ಈಗ ನೀವು ಬೆಳಗ್ಗೆ ಅಲ್ಲಿ ವಾಕಿಂಗ್ ಮಾಡುವ ಹಾಗಿದೆ. ಇದಕ್ಕಾಗಿ ಹಿಂದೆ ಬಿದ್ದು ಅರ್ಜಿ ಮೇಲೆ ಅರ್ಜಿ ಕೊಟ್ಟವರು ನಿಮ್ಮ ಬಡಾವಣೆಯವರೇ. ಮಗಳು ಅಂಥವರನ್ನು ಮಾತಾಡಿಸಲಿ. ಶಾಸನಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುತ್ತದೆ.

ಇನ್ನೊಂದು ತಮಾಷೆ. 2018ರಿಂದ ಇದೇ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಿದ್ದಾರೆ. ಕೆ.ಸಿ. ವ್ಯಾಲಿ ನೀರು ಅಂತ ಕೇಳಿರಬಹುದು. ಕೆ.ಸಿ. ಅಂದರೆ ಕೋರಮಂಗಲ–ಚಲ್ಲಘಟ್ಟವೇ. ಆ ನೀರು ಇನ್ನೂ ಒಂದು ಹಂತ ಶುದ್ಧವಾಗಬೇಕು ಅಂತ ಅಲ್ಲಿನ ರೈತರು ಗಲಾಟೆ ಮಾಡಿದ್ದಾರೆ, ಅವರ ಮಾತಿನಲ್ಲಿ ನ್ಯಾಯ ಇದೆ. ಅದೇನೇ ಇರಲಿ, ನಿಮ್ಮ ಮನೆಯ ಸಿಂಕಿನಲ್ಲಿ ಹೋದ ನೀರು ಕೋಲಾರದ ಯಾವುದೋ ಕೆರೆಯ ಅಂತರ್ಜಲಕ್ಕೆ ಇಳಿಯುತ್ತಿರಬಹುದು.

ನಿಮ್ಮ ಸೈಟೇ ಹಿಂದೆ ಏನಾಗಿತ್ತು ಅಂತ ಖಚಿತವಾಗಿ ಬೇಕಾದರೆ ಹೀಗೆ ಮಾಡಿ. ‘ದಿಶಾಂಕ್’ ಅಂತ ಕಂದಾಯ ಇಲಾಖೆಯ ಒಂದು ಆ್ಯಪ್ ಇದೆ. ಮನೆಯಲ್ಲಿ ನಿಂತು ತೆರೆದರೆ ನಿಮ್ಮ ಕಾಲಡಿಯ ಹಳೇ ಸರ್ವೆ ನಂಬರ್, ಯಾವ ಗ್ರಾಮ ಅನ್ನುವುದನ್ನು ತೋರಿಸುತ್ತದೆ. ಆ ಗ್ರಾಮದ ನಕ್ಷೆಯನ್ನು ಭೂದಾಖಲೆಗಳ ಇಲಾಖೆಯಿಂದ ತಗೊಳ್ಳಿ. ಅದರಲ್ಲಿ ಹಳ್ಳ, ಕಾಲುವೆ, ಕುಂಟೆ, ಬಂಡಿದಾರಿ, ಗುಂಡುತೋಪು ಎಲ್ಲ ಗುರುತು ಮಾಡಿರುತ್ತಾರೆ. ಅದರ ಮೇಲೆ ಈಗಿನ ರಸ್ತೆಗಳನ್ನು ಪೆನ್ಸಿಲಿನಲ್ಲಿ ಬರೆಯಲು ಮಗಳಿಗೆ ಹೇಳಿ. ನಿಮ್ಮ ರಸ್ತೆ ಹಳ್ಳದ ಗೆರೆಯ ಮೇಲೆ ಬಂದರೆ ಮೊಣಕಾಲುದ್ದ ನೀರು ಎಲ್ಲಿಂದ ಬರುತ್ತದೆ ಅಂತ ಪಕ್ಕದ ಮನೆಯವರಿಗೆ ನೀವೇ ತೋರಿಸಬಹುದು. ಬರದಿದ್ದರೆ ಡಾಂಬರಿನ ದಪ್ಪ ಅಳೆಯಿರಿ.

ಒಂದು ಭಾನುವಾರ ಮಡಿವಾಳ, ಬೇಗೂರು ಎರಡೂ ನೋಡಿಬಿಡಿ. ಬೆಳಗ್ಗೆ ಬೇಗ ಹೋಗಿ. ಓರೆ ಬಿಸಿಲು ಬಿದ್ದಾಗ ಕಲ್ಲಿನ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತದೆ, ಮಧ್ಯಾಹ್ನ ಹೋದರೆ ಬರೀ ಗೋಡೆ. ಶಾಸನದ ಮೇಲೆ ಸೀಮೆಸುಣ್ಣ ಉಜ್ಜಬೇಡಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೆ ಸಾಕು. ಬೇಗೂರಿನಲ್ಲಿ ಸಿಕ್ಕ ಗಂಗರ ಕಾಲದ ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯದ್ದು. ಆನೆ, ಕುದುರೆ, ಬಿಲ್ಲು ಹಿಡಿದವರು, ಬಿದ್ದವರು, ಒಂದೇ ಕಲ್ಲಿನಲ್ಲಿ ಇಡೀ ಯುದ್ಧ. ಅದನ್ನೂ ನೋಡುವ ಆಸೆಯಿದ್ದರೆ ಸೋಮವಾರ ಹೋಗಬೇಡಿ, ಅವತ್ತು ರಜೆ. ಬೇರೆ ದಿನವಾದರೂ ತೆರೆದಿದೆಯಾ ಅಂತ ಒಂದು ಫೋನ್ ಮಾಡಿಕೊಂಡೇ ಹೊರಡಿ.